ಆರು ಗೆಣ್ಣಿನ ಸೈಕಲ್

ನಾಲೆಗೆ ನೀರು ಬಿಟ್ಟು ಹದಿನೆಂಟು ದಿನವಾಗಿತ್ತು. ಕೊತ್ತತ್ತಿಯ ಕೆಳಗಿನ ಬಯಲಿನಲ್ಲಿ ಮೊದಲು ನೀರು ಹತ್ತಿದ ಗದ್ದೆಗಳು ನಾಟಿ ಮುಗಿಸಿ ಹಸಿರಾಡುತ್ತಿದ್ದವು. ತಡವಾದವರ ಗದ್ದೆಗಳಲ್ಲಿ ಟ್ರ್ಯಾಕ್ಟರು ಕೆಸರು ಕಲಸುತ್ತಿತ್ತು, ಅದರ ಹಿಂದೆ ಬೆಳ್ಳಕ್ಕಿಗಳು ಹುಳ ಹೆಕ್ಕುತ್ತಿದ್ದವು. ಭಾನುವಾರವಾದರೂ ಸಿದ್ದೇಶನ ಹೆಂಡತಿ ರೂಪ ಬೆಳಕು ಹರಿಯುವ ಮೊದಲೇ ನಾಟಿಯ ಹೆಂಗಸರ ಜೊತೆ ಹೊರಟುಹೋಗಿದ್ದಳು. ವಾರವೆಲ್ಲ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೂಲಿ ಮಾಡುವ ಸಿದ್ದೇಶ ತನ್ನ ರಜೆಯ ದಿನ ಹತ್ತು ಗುಂಟೆ ಕಬ್ಬಿನೊಳಗೆ ನುಗ್ಗಿ ಒಣಗಿದ ಎಲೆ, ರವದಿ, ಬಿಡಿಸುತ್ತಿದ್ದ.

ಕೈ ರವದಿಯಲ್ಲಿದ್ದರೂ ಮನಸ್ಸು ಮಗಳ ಸೈಕಲ್ಲಿನ ಮೇಲಿತ್ತು. ಕೊಂಡಾಗ ಮೋಹಿನಿಗೆ ಎಂಟು ವರ್ಷ. ಈಗ ಹನ್ನೆರಡು ತುಂಬಿ ಏಳನೇ ತರಗತಿಯಲ್ಲಿದ್ದಾಳೆ. ಮೈಗಿಂತ ಕಾಲು ಮುಂದೆ ಓಡಿದೆ. ತುಳಿದರೆ ಮಂಡಿ ಹೋಗಿ ಹ್ಯಾಂಡಲ್ಲಿಗೆ ಬಡಿಯುತ್ತದೆ. ಹೋದ ಸೋಮವಾರ ಸ್ಕೂಲಿನಿಂದ ಬರುವಾಗ ನಾಲೆ ಏರಿಯ ಮೇಲೆ, ತೂಬಿನ ಪಕ್ಕದ ತಿರುವಿನಲ್ಲಿ, ಹಾಗೇ ಬಡಿದು ಹ್ಯಾಂಡಲ್ಲು ಹೊರಳಿ ಜಲ್ಲಿಯ ಮೇಲೆ ಉರುಳಿ ಒಂದು ಮಂಡಿ ತರಚಿಕೊಂಡಿದ್ದಳು. ಇನ್ನೊಂದು ಗೇಣು ಆಚೆಗಿದ್ದರೆ ತುಂಬಿದ ನಾಲೆ. ಅಂದಿನಿಂದ ಅಜ್ಜಿ ದೇವಿರಮ್ಮ ಅವಳನ್ನು ಹೊಸಿಲು ದಾಟಲು ಬಿಟ್ಟಿರಲಿಲ್ಲ.

ಸ್ಕೂಲು ನಾಲ್ಕೂವರೆ ಕಿಲೋಮೀಟರು. ಬಸ್ಸು ಊರಿಗೆ ಬರುವುದೇ ಹನ್ನೊಂದಕ್ಕೆ. ಊರು ದಾಟಿದರೆ ಗಾಡಿ ಜಾಡು, ಮಳೆ ಬಂದರೆ ಅದರಲ್ಲಿ ಎರೆಮಣ್ಣಿನ ಕೆಸರು. ಆಮೇಲೆ ಜಲ್ಲಿ ಚೆಲ್ಲಿದ ನಾಲೆ ಏರಿ, ಕೊನೆಗೆ ಟಾರು ರಸ್ತೆಯ ಏರು. ಅಪ್ಪ ಆರು ಗಂಟೆಗೇ ಫಾರಂ ಕಡೆ ಹೊರಡುವವನು, ಅಮ್ಮ ಗದ್ದೆಗೆ. ಸೈಕಲ್ಲು ಬಿಟ್ಟರೆ ಗತಿಯಿಲ್ಲ.

ದೇವಿರಮ್ಮ ಇದನ್ನೆಲ್ಲ ಯೋಚಿಸಿ ತೀರ್ಮಾನ ಮಾಡಿಯಾಗಿತ್ತು. ಸಿದ್ದೇಶ ಕಬ್ಬಿನಿಂದ ಬಂದು ಕೈ ತೊಳೆಯುವಾಗ ಮತ್ತೆ ಶುರು ಮಾಡಿದಳು.

"ಬುಧವಾರ ನಾನು ಮಳವಳ್ಳಿಗೆ ಓಯ್ತೀನಿ ಕಣ್ಲಾ. ಇವಳ್ನೂ ಕರ್ಕೊಂಡೋಗಿ ನಿಮ್ಮಕ್ಕನ್ ಮನೇಲಿ ಬುಟ್ಟು ಬತ್ತೀನಿ. ಬಾಗ್ಲು ತೆಗುದ್ರೆ ಇಸ್ಕೂಲು. ನಾಲೆ ಇಲ್ಲ, ನೀರಿಲ್ಲ."

"ನಾನು ಓಗಾಕಿಲ್ಲ," ಎಂದಳು ಒಳಗಿನಿಂದ ಮೋಹಿನಿ.

"ನಿನ್ನ ಕೇಳ್ದೋರ್ಯಾರೆ?"

ಸಿದ್ದೇಶ ಟವಲ್ಲಿನಲ್ಲಿ ಮುಖ ಒರೆಸಿಕೊಂಡ. ಹತ್ತು ವರ್ಷದವನಿದ್ದಾಗ ಅವನನ್ನೂ ಹೀಗೆಯೇ ಮಾವನ ಮನೆಯಲ್ಲಿ ಬಿಟ್ಟಿದ್ದರು, ಓದಲೆಂದು. ಮಾವ ಕೆಟ್ಟವನಲ್ಲ. ಆದರೆ ಆ ಮನೆಯಲ್ಲಿ ಎರಡು ಎಮ್ಮೆಗಳಿದ್ದವು, ಎಮ್ಮೆಗಳಿಗೆ ಹುಡುಗ ಬೇಕಿತ್ತು. ಪುಸ್ತಕ ಅಟ್ಟ ಸೇರಿತು. ಅಕ್ಕನ ಮನೆಯಲ್ಲಿ ಎಮ್ಮೆಯಿಲ್ಲ, ಹೋಟೆಲ್ಲಿದೆ. ಹೋಟೆಲ್ಲಿಗೆ ಪಾತ್ರೆ ತೊಳೆಯುವ ಕೈ ಯಾವತ್ತೂ ಬೇಕು.

"ಅವ್ವ, ಬುಧವಾರಕ್ಕೆ ಇನ್ನೂ ಮೂರು ದಿನ ಅದೆ," ಎಂದ. "ಇವತ್ತೇ ಮದ್ದೂರಿಗೆ ಓಗಿ ದೊಡ್ಡ ಸೈಕಲ್ ತತ್ತೀನಿ. ಮಗಳು ಎಲ್ಲೂ ಓಗಾಕಿಲ್ಲ."

ಒಂದು ಜಲ್ಲೆ ಕಬ್ಬು ತಂದು ಮೋಹಿನಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ. ಫಾರಂನ ಕಬ್ಬಿನ ತಾಕುಗಳಲ್ಲಿ ಅವನ ಕೆಲಸವೇ ಇದು. ಸಾಲಿನಿಂದ ಸಾಲಿಗೆ ಹೋಗಿ, ಜಲ್ಲೆಯ ಗೆಣ್ಣುಗಳನ್ನು ಎಣಿಸಿ, ಗೆಣ್ಣಿನಿಂದ ಗೆಣ್ಣಿಗೆ ಟೇಪು ಹಿಡಿದು ಕೂಗುವುದು. ಪುಸ್ತಕ ಹಿಡಿದವರು ಬರೆದುಕೊಳ್ಳುತ್ತಾರೆ. ಬೇರೆಯವರು ಗೇಣು ಮೊಳ ಅನ್ನುವ ಕಡೆ ಸಿದ್ದೇಶನ ಬಾಯಿಗೆ ಗೆಣ್ಣೇ ಬರುತ್ತಿತ್ತು.

"ಆರು ಗೆಣ್ಣು," ಎಂದ ಕಾಲಿನ ಪಕ್ಕ ಜಲ್ಲೆ ಹಿಡಿದು. "ಸೀಟು ಆರು ಗೆಣ್ಣಿಗೆ ಬಂದ್ರೆ ಸರಿಯಾಗಿ ಕಾಲು ಊರ್ತದೆ."

"ನಾನೂ ಬತ್ತೀನಪ್ಪ."

"ಮಂಡಿ ಈಗ ಒಣಗ್ತಾ ಅದೆ. ಭಾನುವಾರದ್ ಬಸ್ಸು, ಯಾರಾದ್ರೂ ತುಳುದ್ರೆ?"

ಜಲ್ಲೆ ಹಿಡಿದು ಹೊರಟವನನ್ನು ದೇವಿರಮ್ಮ ಬಾಗಿಲಲ್ಲಿ ತಡೆದಳು. "ಮದ್ದೂರಿಗೆ ಕಬ್ಬು ಒತ್ಕಂಡು ಓಯ್ತಿದ್ದೀಯಲ್ಲೋ, ಅಲ್ಲಿ ಕಬ್ಬಿಲ್ವಾ? ಕಂಡೋರು ನಗಾಕಿಲ್ವಾ?"

ಅದೂ ನಿಜವೇ ಅನ್ನಿಸಿತು. ಜಲ್ಲೆಯನ್ನು ಗೋಡೆಗೊರಗಿಸಿ ಹೊರಟ. ಆರು ಗೆಣ್ಣು. ಲೆಕ್ಕ ತಲೆಯಲ್ಲಿತ್ತು.

ಮದ್ದೂರಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಜಯಪ್ರಕಾಶನ ಅಂಗಡಿ. ಹಳೆಯ ಸೈಕಲ್ಲುಗಳನ್ನು ಕೊಂಡು, ರಿಪೇರಿ ಮಾಡಿ, ಬಣ್ಣ ಹೊಡೆದು ಮಾರುತ್ತಾನೆ. ದಪ್ಪ ಮನುಷ್ಯ, ಸ್ಟೂಲಿನ ಮೇಲೆ ಕುಳಿತೇ ಚಕ್ರ ಬಿಚ್ಚುವವನು.

"ಎಷ್ಟು ವರ್ಸದ್ ಮಗು?"

"ಅನ್ನೆರ್ಡು."

"ಇಪ್ಪತ್ನಾಲ್ಕು ಇಂಚಿಂದು ತಗೊಳ್ಳಿ."

"ಇಂಚು ನಂಗೆ ಬ್ಯಾಡ. ಸೀಟು ಆರು ಗೆಣ್ಣು ಇರ್ಬೇಕು," ಎಂದ ಸಿದ್ದೇಶ. ಎದುರಿಗೇ ಕಬ್ಬಿನ ಹಾಲಿನ ಗಾಡಿಯಿತ್ತು. ಅಲ್ಲಿಂದ ಒಂದು ಜಲ್ಲೆ ಕೇಳಿ ತಂದು ಸೈಕಲ್ಲುಗಳ ಪಕ್ಕ ಒಂದೊಂದಾಗಿ ಹಿಡಿಯತೊಡಗಿದ.

ಜಯಪ್ರಕಾಶ ಸ್ಪ್ಯಾನರು ಕೆಳಗಿಟ್ಟು ನೋಡಿದ. "ಸಾಮಿ, ಮಗು ಕರ್ಕೊಂಡ್ ಬರ್ತಾರೆ, ಕಬ್ ಕರ್ಕೊಂಡ್ ಬಂದೋರ್ನ ಇವತ್ತೇ ನೋಡಿದ್ದು."

"ನೀನ್ ನಗು. ನಾನು ವರ್ಸಕ್ಕೆ ಲಕ್ಷ ಗೆಣ್ಣು ಅಳಿಯೋನು."

ಇಪ್ಪತ್ನಾಲ್ಕು ಇಂಚಿನದು ಐದು ಗೆಣ್ಣಿಗೇ ನಿಂತಿತು. ಇಪ್ಪತ್ತಾರು ಇಂಚಿನ ನೀಲಿ ಸೈಕಲ್ಲು ಸರಿಯಾಗಿ ಆರಕ್ಕೆ ಬಂತು. ಜಯಪ್ರಕಾಶ ಎರಡು ಸಲ ಬೇಡವೆಂದ, ಮೂರನೆಯ ಸಲ ಭುಜ ಕುಣಿಸಿ ಗಾಳಿ ಹೊಡೆದುಕೊಟ್ಟ. ಸಿದ್ದೇಶ ಅದನ್ನು ತಾನೇ ತುಳಿದುಕೊಂಡು ಮಂಡ್ಯದ ಹಾದಿ ಹಿಡಿದ. ಎಷ್ಟು ಹಗುರ, ಎಷ್ಟು ಹದ! ಒಂದು ಸಲವೂ ಮಂಡಿ ತಗುಲಲಿಲ್ಲ. ಇಪ್ಪತ್ತೈದು ಕಿಲೋಮೀಟರು ದಾರಿಯುದ್ದಕ್ಕೂ ಒಳ್ಳೆಯ ಸೈಕಲ್ಲು ಕೊಂಡೆನೆಂದು ಹಿಗ್ಗಿದ. ತನಗೆ ಅಷ್ಟು ಹೊಂದುವುದು ಹನ್ನೆರಡರ ಮಗಳಿಗೆ ಹೇಗೆ ಹೊಂದೀತು ಎಂಬುದು ಮಾತ್ರ ಹೊಳೆಯಲಿಲ್ಲ.

ಸಂಜೆ ಮನೆಯ ಮುಂದೆ ಹೊಳೆಯಿತು. ಮೋಹಿನಿ ಜಗಲಿಯ ಮೇಲಿನಿಂದ ಹತ್ತಿ ಸೀಟಿನಲ್ಲಿ ಕುಳಿತಳು. ಬೆರಳ ತುದಿಯೂ ನೆಲಕ್ಕೆ ತಾಕಲಿಲ್ಲ. ಸಿಮೆಂಟು ರಸ್ತೆಯಲ್ಲಿ ಹಾಗೂ ಹೀಗೂ ಸೊಂಟ ಅತ್ತಿತ್ತ ಆಡಿಸಿ ಹೊಡೆದಳು. ಗಾಡಿ ಜಾಡಿಗೆ ಇಳಿದ ಕೂಡಲೇ ಚಕ್ರ ಜಾರಿತು, ಊರಲು ಕಾಲಿಗೆ ನೆಲ ಸಿಗಲಿಲ್ಲ. ಹಿಂದೆ ಓಡಿಬರುತ್ತಿದ್ದ ಸಿದ್ದೇಶ ಕ್ಯಾರಿಯರು ಹಿಡಿದುಕೊಳ್ಳದಿದ್ದರೆ ಈ ಸಲ ಎರಡನೇ ಮಂಡಿ ಹೋಗುತ್ತಿತ್ತು.

ನಾಟಿ ಮುಗಿಸಿ ಬಂದ ರೂಪ ಕೆಸರುಗಾಲಲ್ಲೇ ನಿಂತು ನೋಡಿದಳು. ಒಳಗೆ ಹೋಗಿ ಗೋಡೆಗೊರಗಿದ್ದ ಜಲ್ಲೆ ತಂದು ಸೈಕಲ್ಲಿನ ಪಕ್ಕ ಹಿಡಿದಳು. ಆರನೇ ಗೆಣ್ಣು ಸೀಟಿಗಿಂತ ಒಂದು ಅಂಗೈ ಕೆಳಗಿತ್ತು.

"ಆರು ಗೆಣ್ಣು ಅಂದ್ರಿ?"

"ಆರೇ. ಅಲ್ಲೇ ಕಬ್ಬಿನ್ ಹಾಲಿನ ಗಾಡೀಲಿ ಜಲ್ಲೆ ಇಸ್ಕಂಡು ಅಳುದ್ನಲ್ಲ..." ಎಂದವನು ಜಲ್ಲೆಯ ಗೆಣ್ಣಿನ ಮೇಲೆ ಬೆರಳಾಡಿಸಿದ.

ಅವನ ಕಬ್ಬು ಗಿಡ್ಡ ಗೆಣ್ಣಿನ ತಳಿ. ಗಾಡಿಯದು ಉದ್ದ ಗೆಣ್ಣಿನದು. ತಾಕುಗಳಲ್ಲಿ ಎರಡರ ನಡುವೆ ನಿಂತು, ಕಣ್ಣು ಮುಚ್ಚಿ ಮುಟ್ಟಿದರೂ ಯಾವುದು ಯಾವುದೆಂದು ಹೇಳಬಲ್ಲವನು ಅವನು.

ದೇವಿರಮ್ಮ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. "ಗೆಣ್ಣು ಅಳ್ದು ಅಳ್ದು ಸಂಬ್ಳ ತಗಳೋನು ನೀನು," ಎಂದಳು. "ಬುಡು. ಬುಧವಾರ ಅನ್ನೊಂದರ ಬಸ್ಸಿಗೆ ಒಂಟುಬುಡ್ತೀವಿ."

"ನಾಳೆ ಬದಲಾಯ್ಸಿ ತತ್ತೀನಿ."

"ನಾಳೆ ಕೆಲ್ಸ ಇಲ್ವೇನ್ಲಾ ನಿಂಗೆ?"

ಕೆಲಸವಿತ್ತು. ಕತ್ತಲಾಗುವ ಮೊದಲು ಸಿದ್ದೇಶ ಮೇಲಿನ ಬೀದಿಯ ಮರಿಸಿದ್ದಯ್ಯನ ಮನೆಗೆ ಹೋದ. ಅವನೂ ಫಾರಂನಲ್ಲೇ ಆಳು, ಸೋಮವಾರ ಅವನ ರಜೆ. ತನ್ನ ಬದಲು ನಾಳೆ ನೀನು ಹೋಗು ಎಂದು ಕೇಳಿದ.

"ನಾಳೆ ಸಸಿಮಡಿ ಪೈರು ಕೀಳ್ಬೇಕಲ್ಲೋ ನಾನು. ಮಂಗಳವಾರ ನಾಟಿ ಹೆಂಗುಸ್ರು ಬತ್ತಾರೆ."

"ಮಂಗಳವಾರ ಕೋಳಿ ಕೂಗೋ ಒತ್ಗೆ ಬಂದು ನಾನ್ ಕಿತ್ತಾಕ್ತೀನಿ. ಅವತ್ತು ಫಾರಂಗೆ ಅರ್ಧ ದಿನ ತಡ ಆದ್ರೂ ಸೈ."

"ನೂರಿಪ್ಪತ್ತು ಕಟ್ಟು ಬೇಕು. ಕಾಸು ಗೀಸು ಅಂತ ಬಂದೀಯಾ, ಮುಯ್ಯಾಳಿಗೆ ಮುಯ್ಯಾಳೇ ಆಗ್ಬೇಕು, ಕೆಲ್ಸಕ್ಕೆ ಕೆಲ್ಸ."

"ಆಯ್ತು ಕಣಣ್ಣ."

"ಅಂದಂಗೆ ನಮ್ಮ ಗದ್ದೆ ಪೈರು ಎಷ್ಟು ಗೆಣ್ಣು ಅದೆ, ಅಳ್ದು ಯೋಳಿಯಾ?" ಸುದ್ದಿ ಆಗಲೇ ಮೇಲಿನ ಬೀದಿ ಮುಟ್ಟಿತ್ತು.

ಸೋಮವಾರ ನಸುಕಿನಲ್ಲಿ ಸಿದ್ದೇಶ ಹೊರಟಾಗ ಕ್ಯಾರಿಯರಿನ ಮೇಲೆ ಮೋಹಿನಿ ಕುಳಿತಿದ್ದಳು. ಈ ಸಲ ಅಳತೆಯೇ ಜೊತೆಗೆ ಬರುತ್ತಿತ್ತು.

ಜಯಪ್ರಕಾಶ ಅವರನ್ನು ದೂರದಿಂದಲೇ ಕಂಡು ಸ್ಟೂಲಿನ ಮೇಲೆ ಹೊಟ್ಟೆ ಕುಲುಕಿಸಿ ನಕ್ಕ. "ಬನ್ನಿ ಗೆಣ್ಣಪ್ನೋರೆ. ಇಪ್ಪತ್ತೈದು ಕಿಲೋಮೀಟ್ರು ಓಡ್ಸಿ ವಾಪಸ್ ತಂದ್ರೆ ಅದೇ ಬೆಲೆಗೆ ಎಂಗ್ ತಗೊಳ್ಳೋದು?"

"ಐವತ್ತು ಓಡ್ಸಿದ್ದೀನಿ, ಸುಳ್ಳು ಯೋಳಾಕಿಲ್ಲ. ಒಂದ್ ಗೀರು ಬಿದ್ದಿದ್ರೆ ತೋರ್ಸು. ನೀನು ಎರಡು ಸಲ ಬ್ಯಾಡ ಅಂದೆ, ನಾನ್ ಕೇಳ್ಲಿಲ್ಲ. ತಪ್ಪು ನಂದೇ. ಆದ್ರೆ ಮಗೀಗೆ ಸರಿಯಾಗಿರೋದು ತಗಳ್ದೆ ನಾನು ಇಲ್ಲಿಂದ ಏಳಾಕಿಲ್ಲ."

ಅಂಗಡಿಯ ಮೆಟ್ಟಿಲ ಮೇಲೆ ಕುಳಿತೇಬಿಟ್ಟ. ಜಯಪ್ರಕಾಶ ನೀಲಿ ಸೈಕಲ್ಲನ್ನು ಒಂದು ಸುತ್ತು ನೋಡಿ, ಬೆಲ್ಲು ಬಾರಿಸಿ, ಒಳಗೆ ತಳ್ಳಿದ. "ಬೆಲೆಗೆ ಬೆಲೆ. ಆರ್ಸ್ಕೊ ಮಗ."

ಇಪ್ಪತ್ನಾಲ್ಕು ಇಂಚಿನವು ಮೂರಿದ್ದವು. ಸಿದ್ದೇಶನ ಕಣ್ಣು ದಪ್ಪ ಟೈರಿನ ಕೆಂಪು ಸೈಕಲ್ಲಿನ ಮೇಲೆ ಬಿತ್ತು. ಜಲ್ಲಿಯ ಮೇಲೆ ಕಚ್ಚಿಕೊಂಡು ಹೋಗುತ್ತದೆ ಎಂದ ಜಯಪ್ರಕಾಶ. ಮೋಹಿನಿ ಹತ್ತಲಿಲ್ಲ. ಬಗ್ಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿದಳು. ಒಂದು ಬೆರಳೂ ಪೂರ್ತಿ ಹೋಗಲಿಲ್ಲ.

"ಇದು ಬ್ಯಾಡ."

"ಯಾಕವ್ವ? ಎಲ್ರೂ ಇದ್ನೇ ಕೇಳೋದು."

"ನಮ್ ಗಾಡಿ ಜಾಡಲ್ಲಿ ಎರೆಮಣ್ಣು. ಚಕ್ರಕ್ಕೆ ಅಂಟ್ಕಂಡು ಇಲ್ಲಿ ತುಂಬ್ಕತದೆ. ಆಮೇಲೆ ಚಕ್ರಾನೇ ತಿರ್ಗಾಕಿಲ್ಲ, ಕಡ್ಡಿ ಆಕಿ ಕೆರೀಬೇಕು. ಇಸ್ಕೂಲಲ್ಲಿ ಅಷ್ಟೊತ್ಗೆ ಬೆಲ್ ಒಡ್ದಿರ್ತಾರೆ."

ಸಿದ್ದೇಶ ಮಗಳ ಮುಖ ನೋಡಿದ. ನಾಲ್ಕು ವರ್ಷ ಆ ದಾರಿ ತುಳಿದವಳು ಅವಳು. ಮಣ್ಣಿನ ಈ ಪಾಡು ಅವನಿಗೆ ಗೊತ್ತಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ.

ಎರಡನೆಯದರ ಬ್ರೇಕು ಅವಳ ಬೆರಳಿಗೆ ದೂರವಾಯಿತು. ಮೂರನೆಯದು ಬೂದು ಬಣ್ಣದ್ದು, ಚೈನಿನ ಕವರು ನೆಗ್ಗಿತ್ತು, ಸೀಟಿನ ಹೊಲಿಗೆ ಬಿಟ್ಟಿತ್ತು. ಮಡ್‌ಗಾರ್ಡಿನ ಕೆಳಗೆ ಎರಡು ಬೆರಳು ಸಲೀಸಾಗಿ ಹೋದವು. ಟೈರು ತೀರ ದಪ್ಪವಲ್ಲ, ತೀರ ಸಣ್ಣದಲ್ಲ. ಸೀಟಿನ ಮೇಲೆ ಕುಳಿತಳು, ಎರಡೂ ಮುಂಗಾಲು ನೆಲಕ್ಕೆ ಊರಿದವು. ಮಂಡಿ ಎತ್ತಿ ಆಡಿಸಿದಳು, ಹ್ಯಾಂಡಲ್ಲಿಗೆ ಇನ್ನೂ ಒಂದು ಗೇಣಿತ್ತು.

"ಒಳೆ ತನಕ ಓಗ್ಬತ್ತೀನಿ," ಎಂದವಳೇ ಹೊರಟಳು. ಸಿದ್ದೇಶ ಹಿಂದೆ ಓಡಿದ. ಅವನು ಮುಟ್ಟುವಷ್ಟರಲ್ಲಿ ಶಿಂಷೆಯ ದಡದ ಇಳಿಜಾರು ಇಳಿದು, ಕೆಸರಲ್ಲಿ ಒಂದು ಸುತ್ತು ಹಾಕಿ, ಏರಿನ ಅರ್ಧದಲ್ಲಿ ಬೇಕೆಂದೇ ಬ್ರೇಕು ಹಿಡಿದು ಒಂದು ಕಾಲೂರಿ ನಿಂತಿದ್ದಳು. ಅಲ್ಲಿಂದಲೇ ಮತ್ತೆ ತುಳಿದು ಮೇಲೆ ಬಂದಳು.

"ಇದೇ," ಎಂದಳು ಏದುಸಿರಿನಲ್ಲಿ.

"ಇದು ಚೆನ್ನಾಗಿ ಕಾಣ್ಸಾಕಿಲ್ವಲ್ಲ ಮಗ. ಎಲ್ಡೇ ವರ್ಸಕ್ಕೆ ಚಿಕ್ಕದೂ ಆಯ್ತದೆ."

"ಎಲ್ಡು ವರ್ಸ ಆಮೇಕೆ ತಾನೆ? ನಾನು ನಾಳೆ ಓಗ್ಬೇಕು."

ಜಯಪ್ರಕಾಶ ಸೀಟಿಗೆ ಹೊಸ ಕವರು ಹಾಕಿಕೊಟ್ಟ, ಅದಕ್ಕೆ ಬೇರೆ ಏನೂ ಕೇಳಲಿಲ್ಲ. ಎಳನೀರು ಮಾರುಕಟ್ಟೆಗೆ ಕಾಯಿ ಇಳಿಸಿ ಖಾಲಿ ಹೊರಟಿದ್ದ ಗೂಡ್ಸ್ ಆಟೋದಲ್ಲಿ ಅಪ್ಪ, ಮಗಳು, ಸೈಕಲ್ಲು ಮೂವರೂ ಊರು ಸೇರಿದರು.

ದೇವಿರಮ್ಮ ಸೈಕಲ್ಲನ್ನು ನೋಡಿದಳು. ಹಳೆಯದು, ಬೂದಿ ಬಣ್ಣದ್ದು ಎಂದು ಏನೇನೋ ಅಂದಳು. ರಾತ್ರಿ ಮುದ್ದೆ ಮುರಿಯುತ್ತ ಮಾತು ಮುಗಿಸಿದಳು. "ನಾಳೆ ನಾನು ತೂಬಿನ್ ತಾವ ನಿಂತಿರ್ತೀನಿ. ಅದೇ ತಿರುವ್ನಾಗೆ ನಿಲ್ಸಿ ಕಾಲು ಊರ್ಲಿ. ಊರುದ್ರೆ ಮಳವಳ್ಳಿ ಮಾತು ಆಡಾಕಿಲ್ಲ. ತಡಬಡಾಯ್ಸುದ್ರೆ ಯಾರೂ ನನ್ನ ತಡೀಬಾರ್ದು."

"ಆಯ್ತು," ಎಂದಳು ಮೋಹಿನಿ, ಅಪ್ಪ ಬಾಯಿ ತೆರೆಯುವ ಮೊದಲೇ.

ಮಂಗಳವಾರ ಬೆಳಗಿನ ಜಾವದಿಂದ ಸಿದ್ದೇಶ ಮರಿಸಿದ್ದಯ್ಯನ ಸಸಿಮಡಿಯಲ್ಲಿ ಸೊಂಟ ಬಗ್ಗಿಸಿದ್ದ. ಹಿಡಿ ಹಿಡಿಯಾಗಿ ಪೈರು ಕಿತ್ತು, ಬೇರಿನ ಕೆಸರನ್ನು ನೀರಿಗೆ ಬಡಿದು, ನಾರಿನಲ್ಲಿ ಬಿಗಿದು ಬದುವಿಗೆ ಎಸೆಯುತ್ತಿದ್ದ. ಗದ್ದೆಯ ಮೇಲೆಯೇ ನಾಲೆ ಏರಿ. ಎಂಟೂವರೆಯ ಹೊತ್ತಿಗೆ ತೂಬಿನ ಕಲ್ಲಿನ ಪಕ್ಕ ಅವ್ವ ಬಂದು ನಿಂತದ್ದು ಕಂಡಿತು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಬಿದ್ದರೆ ಹಿಡಿಯುವವಳ ಹಾಗೆ.

ಬೂದು ಸೈಕಲ್ಲು ಗಾಡಿ ಜಾಡಿನಿಂದ ಏರಿಗೆ ಹತ್ತಿತು. ಚಕ್ರದ ತುಂಬ ಎರೆಮಣ್ಣು. ಆದರೂ ತಿರುಗುತ್ತಿತ್ತು. ಸಿದ್ದೇಶನ ಕೈಯಲ್ಲಿದ್ದ ಪೈರು ಕೈಯಲ್ಲೇ ಉಳಿಯಿತು. ತಿರುವಿಗೆ ಬಂದಳು, ಮಂಡಿ ತಗುಲಲಿಲ್ಲ. ಜಲ್ಲಿ ಕರಕರ ಅಂದಿತು. ಬ್ರೇಕು ಹಿಡಿದಳು, ಎಡಗಾಲು ಊರಿದಳು, ನಿಂತಳು. ಅಷ್ಟೇ.

ಅಜ್ಜಿ ಅವಳ ಕಾಲನ್ನು ನೋಡಿದಳು, ನೆಲವನ್ನು ನೋಡಿದಳು. ಮೊಮ್ಮಗಳ ಬೆನ್ನಿನ ಬ್ಯಾಗು ಸರಿಮಾಡಿ, "ಓಗು, ಬೆಲ್ ಒಡ್ದಾರು," ಎಂದದ್ದು ಗದ್ದೆಯವರೆಗೂ ಕೇಳಿಸಿತು.

ಟಾರು ರಸ್ತೆಯ ಏರಿನಲ್ಲಿ ಮೋಹಿನಿ ಸೀಟಿನಿಂದ ಎದ್ದು ನಿಂತು ತುಳಿದು ಮರೆಯಾಗುವವರೆಗೂ ಸಿದ್ದೇಶ ನೋಡಿದ.

ಅಷ್ಟರಲ್ಲಿ ನಾಟಿಯ ಹೆಂಗಸರು ಗದ್ದೆಗೆ ಇಳಿದಿದ್ದರು. ಮರಿಸಿದ್ದಯ್ಯ ಬದುವಿನ ಮೇಲೆ ಕಟ್ಟುಗಳನ್ನು ಕಾಲಿನಿಂದ ಸರಿಸುತ್ತ ಎಣಿಸಿದ.

"ನೂರ ಎಂಟು. ಇನ್ನೂ ಅನ್ನೆರ್ಡು ಕಟ್ಟು ಬಾಕಿ ಕಣ್ಲಾ."

"ಗೊತ್ತು ಕಣಣ್ಣ," ಎಂದು ಸಿದ್ದೇಶ ಮತ್ತೆ ಬಗ್ಗಿದ.