ಸೂನ್‌ನ ಎರಡನೇ ಓ

ಏನೋ ಮಿಟುಕಿದಂತಾಯಿತಲ್ಲ, ಗಾಜಿನ ಹಿಂದೆ, ಒಳಗಿನಿಂದ ಅಂಟಿಸಿದ ಹಳೇ ಪೇಪರಿನ ಆ ಮೂರು ಬೆರಳಗಲದ ಹರುಕಿನಲ್ಲಿ — ಬಿಸಿಲಿಗೆ ಹಾಗೆ ಕಂಡಿರಬೇಕು, ಪೇಂಟರ್ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ ಮತ್ತೆ ಸಿ ಅಕ್ಷರದ ಹೊಟ್ಟೆ ತುಂಬಿಸತೊಡಗಿದ, ಕಮಿಂಗ್ ಸೂನ್, ಇಂಗ್ಲಿಷಲ್ಲಿ ಅಷ್ಟು ಬರೀರಿ ಸಾಕು ಅಂದಿದ್ದ ಬ್ರೋಕರ್, ಬರೋದೇನಪ್ಪಾ ಅಂದರೆ ಹಲ್ಲು ಕಿರಿದ, ಬಂದ್ಮೇಲೆ ಗೊತ್ತಾಗುತ್ತೆ ಬಿಡಿ. ಎಷ್ಟು ಅಂಗಡಿಗೆ ಬರೆದಿಲ್ಲ ಇದನ್ನು, ಬೇಕರಿ, ಚಪ್ಪಲಿ ಅಂಗಡಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಇದನ್ನು ಬರೆದವನಿಗೇ ಆಮೇಲೆ ಹೆಸರಿನ ಬೋರ್ಡೂ, ಅದು ರೂಢಿ, ಇಲ್ಲಿ ಮಾತ್ರ ಬೋರ್ಡು ಬೇಡವಂತೆ, ಅದು ಒಳಗೇ ಆಗುತ್ತೆ — ಬೋರ್ಡು ಒಳಗೇ ಆಗುವ ಅಂಗಡಿ ಯಾವುದು, ಬ್ಯಾನರ್ ಪ್ರಿಂಟ್ ಹೊಡೆಯುವ ಮೆಷಿನ್ ಇಟ್ಟದ್ದಲ್ಲದೆ, ಹಾಗಿದ್ದರೆ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತ ಕೂತಿದ್ದಾನೆ, ಅದೂ ಅಂದವಾಗಿ. ಎಲ್ಲದಕ್ಕೂ ಅನುಮಾನ ನಿಮಗೆ, ಉಪ್ಪಿನ ಡಬ್ಬಿ ಜರುಗಿದ್ರೂ ಯಾರು ಮುಟ್ಟಿದ್ದು ಅಂತೀರ, ಹೆಂಡತಿ ನಗುತ್ತಾಳೆ, ನಗಲಿ, ಚೌಕಾಸಿ ಮಾಡದ ಗಿರಾಕಿಯನ್ನು ಅವಳು ಕಂಡಿದ್ದಾಳೆಯೇ, ನೀವೇ ಬರೀಬೇಕಂತೆ, ಅಂದಿದ್ದ ಬ್ರೋಕರ್, ಬೇರೆ ಯಾರೂ ಬೇಡವಂತೆ, ಹಳದಿ ಅಕ್ಷರ, ಎಡಗಡೆ ಕೆಂಪು ನೆರಳು — ಎಡಗಡೆ! ಊರೆಲ್ಲ ಬಲಗಡೆ ಬಿಡುವ ನೆರಳನ್ನು ಎಡಗಡೆ ಬಿಡುವುದು ತನ್ನ ಅಂಗಡಿ ಮಾತ್ರ, ತಮ್ಮ ಎಡಚ ಅಂತ, ಗೆರೆ ತನ್ನದು, ನೆರಳು ಅವನದು, ಚಿಕ್ಕಂದಿನಿಂದ ಇಬ್ಬರಿಗೂ ಒಂದೇ ಏಣಿ, ಅದೇ ಏಣಿ ಜಾರಿ ಅವನ ಹುಬ್ಬು ಸೀಳಿದ ದಿನ ಹೊತ್ತುಕೊಂಡು ಓಡಿದ್ದು ತಾನೇ, ಅಮ್ಮಂಗೆ ಹೇಳ್ಬೇಡ ಅಣ್ಣ, ಅಮ್ಮಂಗೆ ಹೇಳ್ಬೇಡ, ಹುಬ್ಬಿನ ಆ ಗಾಯದ ಗೆರೆಯಲ್ಲಿ ಕೂದಲು ಮತ್ತೆ ಬರಲೇ ಇಲ್ಲ. ಈಗ ಬೆನ್ನುನೋವು ಅಂತ ಕೆಲಸಕ್ಕೇ ಬರುತ್ತಿಲ್ಲ, ಬೆನ್ನುನೋವಿನವನು ಓಡಿಹೋಗಿ ಬಸ್ ಹತ್ತಿದ್ದನ್ನು ಹೆಂಡತಿ ಕಣ್ಣಾರೆ ಕಂಡಳಂತೆ, ಇರಲಿ, ಮೈದುನ ಅಂದರೆ ಅವಳಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ.

ಎಸ್ ಮುಗಿಯಿತು, ಒಂದು ಓ, ಇನ್ನೊಂದು ಓ, ಹರುಕು ಸರಿಯಾಗಿ ಇದರ ನಡುವೆಯೇ ಬಂತು — ಒಳಗೆ ಕುರ್ಚಿ ಸರಿದ ಸದ್ದು, ಯಾರ್ರೀ ಒಳಗೆ, ಇಲಿಯಿರಬೇಕು, ಇಲಿಗೆ ಕುರ್ಚಿ ಯಾಕೆ. ಮೆಷಿನ್ ತರೋಣ ಅಣ್ಣ, ಕೈಯಲ್ಲಿ ಬರೆಸೋರು ಎಲ್ಲಿದಾರೆ ಈಗ, ಅಂದವನು ತಮ್ಮ, ನಾನು ಸತ್ತ ಮೇಲೆ ತರುವಿಯಂತೆ, ಅಂದವನು ತಾನು, ಆಮೇಲೆ ಅವನು ಆ ಮಾತೇ ಎತ್ತಲಿಲ್ಲ, ಆಮೇಲೇ ಬೆನ್ನುನೋವು — ಇಲ್ಲ, ಹೇಳದೆ ಏನೂ ಮಾಡುವವನಲ್ಲ ಅವನು, ಇನ್ನೊಂದು ಸಲ ಕೇಳಿದ್ದರೆ ಹೂಂ ಅನ್ನುತ್ತಿದ್ದೆನೇನೋ, ಅನ್ನುತ್ತಿರಲಿಲ್ಲ, ಅದು ಅವನಿಗೂ ಗೊತ್ತು, ಕೈ ನಿಂತಿದೆ, ನೆರಳಿನ ಕೆಂಪು ಬಣ್ಣ ಗಾಜಿನ ಮೇಲೆ ಇಳಿಯುತ್ತಿದೆ, ಒರೆಸಬೇಕು, ಒರೆಸಲು ಬಗ್ಗಿದರೆ ಓ ಒಳಗೆ ಹರುಕು, ಹರುಕಿನಲ್ಲಿ ಕಣ್ಣು, ಒದ್ದೆ ಕಣ್ಣು, ಅದರ ಮೇಲೆ ಹುಬ್ಬು, ಹುಬ್ಬಿನ ನಡುವೆ ಕೂದಲಿಲ್ಲದ ಗೆರೆ, ಆ ಗೆರೆ