ಮೇದಿನಿಗೆ ಜಂಬ ಅಂದುಕೊಂಡೆ

ನಾನು ಸಾವಿತ್ರಿ. ವಡೋದರದ ಮಂಜಲ್‌ಪುರದಲ್ಲಿ ಮನೆ, ಯಜಮಾನರಿಗೆ ಬ್ಯಾಂಕ್ ಕೆಲಸ. ಮಕ್ಕಳನ್ನ ಯಾರಾದರೂ ಹೊಗಳಿದರೆ "ಅಯ್ಯೋ, ಇವಳಿಗೇನು ಬರುತ್ತೆ ಬಿಡಿ" ಅನ್ನೋದು ನಮ್ಮಂಥ ಅಮ್ಮಂದಿರ ಅಭ್ಯಾಸ. ನಿಮ್ಮ ಮನೇಲೂ ಇದೆ, ಗೊತ್ತು!

ಈ ಸಲ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನಿರೂಪಣೆ ಮಾಡ್ತೀನಿ ಅಂತ ಒಂಬತ್ತನೇ ಕ್ಲಾಸಿನ ನಮ್ಮ ಮೇದಿನಿ ತಾನೇ ಹೆಸರು ಕೊಟ್ಟಳು. "ನಾನು ಚೆನ್ನಾಗಿ ಮಾತಾಡ್ತೀನಮ್ಮ" ಅಂದಳು. ಎಷ್ಟು ಜಂಬ ಅನ್ನಿಸಿತು. ಸಂಘದ ಹರಿಪ್ರಸಾದ್ ಅವರಿಗೆ ಫೋನ್ ಮಾಡಿ, "ಅವಳಿಗೆ ಕನ್ನಡವೇ ಸರಿಯಾಗಿ ಬರಲ್ಲ, ಹೆಸರು ತೆಗೆದುಬಿಡಿ" ಅಂದೆ. ಅವಳು ಬಾಗಿಲಲ್ಲೇ ನಿಂತಿದ್ದಳು.

ಅವತ್ತಿನಿಂದ ಅವಳ ಬಾಯಲ್ಲಿ ಕನ್ನಡವೇ ಬಂದ್! ಏನು ಕೇಳಿದರೂ ಗುಜರಾತಿಯಲ್ಲಿ ಉತ್ತರ.

ಮೇಲಿನ ಮನೆಯ ವೈದೇಹಿ ಶಾಲೆಯಲ್ಲಿ ಮಕ್ಕಳ ಆಪ್ತಸಮಾಲೋಚಕಿ. ಅವಳ ಹತ್ತಿರ ಹೇಳಿಕೊಂಡೆ. "ಮೊಬೈಲಲ್ಲಿ ನೋಡಿದೆ ಕಣೇ, ತಾನೇ ಎಲ್ಲರಿಗಿಂತ ಮೇಲು ಅನ್ನೋ ಕಾಯಿಲೆಗೆ ನಾರ್ಸಿಸಿಸಂ ಅಂತಾರಂತೆ. ಇವಳಿಗೂ ಅದೇ ಇರಬೇಕು."

"ಸುಮ್ನಿರಿ ಅಕ್ಕ! ತಪ್ಪು ತೋರಿಸಿದರೆ ಏನು ಮಾಡ್ತಾಳೆ?"

"ತಿದ್ದಿಕೊಳ್ತಾಳೆ. 'ಅಧ್ಯಕ್ಷೀಯ ಭಾಷಣ' ಅನ್ನೋದನ್ನ ಹತ್ತು ಸಲ ಹೇಳಿ ಕಲಿತಳು."

"ಬೇರೆಯವರು ಚೆನ್ನಾಗಿ ಮಾಡಿದರೆ?"

"ಗೆಳತಿ ಗೌತಮಿ ಹಾಡಿದಾಗ ಇವಳದ್ದೇ ಜೋರು ಚಪ್ಪಾಳೆ."

"ಮತ್ತಿನ್ನೇನು? ನನಗಿದು ಬರುತ್ತೆ, ಬರದೇ ಇರೋದನ್ನ ಕಲೀತೀನಿ ಅನ್ನೋದು ಆತ್ಮಗೌರವ. ನನ್ನ ಮುಂದೆ ಯಾರೂ ಇಲ್ಲ, ಎಲ್ಲರೂ ನನ್ನನ್ನೇ ಹೊಗಳಬೇಕು, ತಪ್ಪು ಹೇಳಿದವರ ಮೇಲೆ ಹಗೆ, ಇನ್ನೊಬ್ಬರ ನೋವು ಲೆಕ್ಕಕ್ಕೇ ಇಲ್ಲ ಅಂದರೆ ಅದು ನಾರ್ಸಿಸಿಸಂ. ಕಾಯಿಲೆಯೋ ಅಲ್ಲವೋ ಅಂತ ಹೇಳೋದು ಡಾಕ್ಟರ್ ಕೆಲಸ, ಮೊಬೈಲ್ ನೋಡಿದ ನಿಮ್ಮದಲ್ಲ!"

ನಾಚಿಕೆಯಾಯಿತು. ಮೇದಿನಿಗೆ "ತಪ್ಪಾಯ್ತು ಕಣೆ" ಅಂದೆ. ಅವಳು ತಿರುಗಿಯೂ ನೋಡಲಿಲ್ಲ. ಅವಳೆದುರಿಗೇ ಹರಿಪ್ರಸಾದ್ ಅವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. "ನಮ್ಮ ಮೇದಿನಿ ಚೆನ್ನಾಗಿ ಮಾತಾಡ್ತಾಳೆ. ಮೊನ್ನೆ ತಪ್ಪು ಹೇಳಿದ್ದು ನಾನು. ನಿರೂಪಣೆ ಅವಳಿಗೇ ಕೊಡಿ."

"ಅಯ್ಯೋ, ಅದನ್ನ ಕಶ್ಯಪ್ ಅನ್ನೋ ಹುಡುಗನಿಗೆ ಕೊಟ್ಟುಬಿಟ್ಟೆವಲ್ಲಮ್ಮ" ಅಂದರು.

ಮೇದಿನಿ ಫೋನ್ ಹತ್ತಿರ ಬಂದಳು. "ಅಂಕಲ್, ಕಶ್ಯಪ್ ಚೆನ್ನಾಗಿ ಮಾಡ್ತಾನೆ. ಅವನನ್ನ ತೆಗೀಬೇಡಿ. ಅರ್ಧ ಅವನು, ಅರ್ಧ ನಾನು." ಅಚ್ಚ ಕನ್ನಡ! ಅವರೂ ಒಪ್ಪಿದರು.

ಅಪ್ಪ ಅಮ್ಮಂದಿರೇ, ಮಗು "ನನಗಿದು ಬರುತ್ತೆ" ಅಂದರೆ ಬಾಯಿ ಮುಚ್ಚಿಸಬೇಡಿ. ಬೇರೆಯವರನ್ನ ಹೀಯಾಳಿಸಿದರೆ ಮಾತ್ರ ತಡೆಯಿರಿ, ತಿದ್ದಿ ಹೇಳಿ. ನಿಮ್ಮ ಮಾತಿನಿಂದ ಅದು ನೊಂದಿದ್ದರೆ ಇವತ್ತೇ ಕ್ಷಮೆ ಕೇಳಿ. ಮರ್ಯಾದೆ ಏನೂ ಹೋಗಲ್ಲ, ನಾನು ಕೇಳಿ ನೋಡಿದ್ದೀನಿ.