ರಾಡಾರ್ ಬಂದ ರವಿವಾರ

ಜಮಖಂಡಿಯಲ್ಲಿ ಮುಧೋಳ ರಸ್ತೆಗೆ ಹತ್ತಿಕೊಂಡಿರುವ ಹಳೇ ಹತ್ತಿ ಗೋದಾಮಿನಲ್ಲಿ ಏರ್‌ರೈಫಲ್ ಅಭ್ಯಾಸಕ್ಕೆ ಬರುವವರೆಲ್ಲ ವಂದನಾಳ ಬಗ್ಗೆ ಒಂದೇ ಮಾತು ಆಡುತ್ತಿದ್ದರು: ಹುಡುಗಿಯ ಕೈ ಬಂಗಾರ, ಎದೆ ಮಾತ್ರ ಗುಬ್ಬಿಯದು. ಅಭ್ಯಾಸದ ದಿನ ಹತ್ತು ಮೀಟರು ದೂರದ ಕಾಗದದಲ್ಲಿ ಕರಿ ಚುಕ್ಕೆಯ ನಟ್ಟನಡುವೆ ಒಂದರ ಮೈಮೇಲೊಂದು ತೂತು ಬೀಳಿಸುತ್ತಿದ್ದವಳು, ಪಂದ್ಯದ ದಿನ ಬಂತೆಂದರೆ ಗುಂಡುಗಳನ್ನು ಮೇಲೆ ಕೆಳಗೆ ಚೆಲ್ಲಾಡಿ ಬರುತ್ತಿದ್ದಳು. ವಿಜಯಪುರದಲ್ಲಿ ಹಾಗಾಯಿತು, ಬಾಗಲಕೋಟೆಯಲ್ಲಿ ಹಾಗಾಯಿತು, ಧಾರವಾಡದಲ್ಲಂತೂ ಕೊನೆಯವಳಾಗಿ ಬಂದಳು. ಅಂಜುಬುರುಕಿ ಎಂದು ತೀರ್ಪು ಕೊಟ್ಟು ಜನ ಕೈ ತೊಳೆದುಕೊಂಡರು. ತೀರ್ಪು ಕೊಡುವುದಕ್ಕೆ ಖರ್ಚೇನೂ ಇಲ್ಲವಲ್ಲ.

ಆ ತೀರ್ಪನ್ನು ಮೊದಲು ಬಾಯಿಬಿಟ್ಟು ಹೇಳಿದವರು ತರಬೇತಿ ಕೊಡುವ ಪ್ರಭುಲಿಂಗ ಸರ್. ಸಕ್ಕರೆ ಕಾರ್ಖಾನೆಯೊಂದರ ಕಾವಲು ವಿಭಾಗದಲ್ಲಿದ್ದು ನಿವೃತ್ತರಾದವರು. ಕೆಟ್ಟ ಮನುಷ್ಯರಲ್ಲ, ತಾವು ಹೇಳಿದ್ದು ಸರಿ ಎಂಬ ನಂಬಿಕೆ ಮಾತ್ರ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ. ಅಂಜಿಕೆ ಹೋಗಲಿ ಎಂದು ನಸುಕಿನಲ್ಲಿ ತಣ್ಣೀರ ಜಳಕ ಹೇಳಿದರು, ಪ್ರಾಣಾಯಾಮ ಹೇಳಿದರು, ನೆನೆಸಿದ ಬಾದಾಮಿ ಹೇಳಿದರು. ವಂದನಾ ಎಲ್ಲವನ್ನೂ ಮಾಡಿದಳು. ಅವಳಿಗೆ ತಾನು ಅಂಜಿದ್ದು ಒಂದು ಸಲವೂ ನೆನಪಿರಲಿಲ್ಲ. ಆದರೆ ಅಷ್ಟು ಮಂದಿ ಹೇಳುವಾಗ ತನಗೆ ಗೊತ್ತಾಗದ ಹಾಗೆಯೇ ಅಂಜಿರಬೇಕು ಅನ್ನಿಸತೊಡಗಿತು. ತೇರದಾಳದ ಅಂಚೆ ಕಚೇರಿಯಲ್ಲಿ ಲಕೋಟೆಗಳಿಗೆ ಮುದ್ರೆ ಒತ್ತುವಾಗ ಕೆಲಸ ನಿಲ್ಲಿಸಿ ಕೈ ಚಾಚಿ ನೋಡಿಕೊಳ್ಳುತ್ತಿದ್ದಳು. ಕೈ ನಡುಗುತ್ತಿರಲಿಲ್ಲ. ತನ್ನ ಕೈಯನ್ನು ತಾನೇ ನಂಬದ ಸ್ಥಿತಿ ಅದು, ಯಾರಿಗೂ ಬರಬಾರದು.

ಈ ಸಲ ಬೆಳಗಾವಿಯ ಪಂದ್ಯಕ್ಕೆ ಹೆಣ್ಣುಮಕ್ಕಳಲ್ಲಿ ಒಬ್ಬರನ್ನಷ್ಟೇ ಕಳಿಸುವುದಿತ್ತು. ವಂದನಾ, ಇಲ್ಲವೇ ಮುಧೋಳದ ರೇಷ್ಮಾ. ರವಿವಾರ ಮಧ್ಯಾಹ್ನ ಇಬ್ಬರ ನಡುವೆ ಆಯ್ಕೆ. ಈ ಸಲವೂ ಹಾಗೇ ಆದರೆ ರೈಫಲ್ ಅಟ್ಟದ ಮೇಲಿಟ್ಟು ಮತ್ತೆ ಮುಟ್ಟುವುದಿಲ್ಲ ಎಂದು ವಂದನಾ ಮನೆಯಲ್ಲಿ ಹೇಳಿಬಿಟ್ಟಿದ್ದಳು. ಹೇಳಿದರೆ ಮಾಡುವ ಪೈಕಿ. ಅದಕ್ಕೇ ತಾಯಿ ಬನಶಂಕರಿ ಗಂಡನನ್ನು ಅವಳ ಬೆನ್ನಿಗೆ ಹಚ್ಚಿ ಬನಹಟ್ಟಿಯಿಂದ ಜಮಖಂಡಿಯ ಬಸ್ಸು ಹತ್ತಿಸಿದಳು.

ತಂದೆ ಮಲಕಾಜಪ್ಪ ಅದುವರೆಗೆ ಒಂದು ಪಂದ್ಯಕ್ಕೂ ಬಂದವನಲ್ಲ. ಪ್ರೀತಿ ಇರಲಿಲ್ಲವೆಂದಲ್ಲ, ತನ್ನ ಕಣ್ಣೇ ಮಗಳಿಗೆ ತಾಗೀತು ಎಂಬ ಹೆದರಿಕೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ಮಗ್ಗಗಳನ್ನಿಟ್ಟುಕೊಂಡು ಸೀರೆ ನೇಯಿಸುವವನು. ಮಗ್ಗ ಕೆಟ್ಟರೆ ಇನ್ನೊಬ್ಬರನ್ನು ಕರೆಸಿದವನಲ್ಲ. ಅಮಾವಾಸ್ಯೆ ಬಂದರೆ ಮಗ್ಗ ನಿಲ್ಲಿಸಿ, ಧೂಳು ಹೊಡೆದು, ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆಯದೆ ನೀರು ಕುಡಿಯುತ್ತಿರಲಿಲ್ಲ. ಕಬ್ಬಿಣ ಅಂದಮೇಲೆ ಅದಕ್ಕೂ ಹೊಟ್ಟೆ ಬಾಯಿ ಇದೆ ಎಂದು ತಿಳಿದ ಮನುಷ್ಯ.

ಅವರು ಗೋದಾಮಿಗೆ ಬಂದಾಗ ಯಶೋಧರಾ ಮೇಡಮ್ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಬುತ್ತಿ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಕೂರಿಸುತ್ತಿದ್ದರು. ಇವರು ತೇರದಾಳದ ಜೈನರ ಮನೆಯವರು, ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಸ್ವತಃ ಬಂದೂಕು ಮುಟ್ಟುವುದಿಲ್ಲ, ಅಂಕಿಸಂಖ್ಯೆ ಸಿಗುತ್ತದೆಂದರೆ ಎಲ್ಲಿಗಾದರೂ ಬರುತ್ತಾರೆ. ಪುಣೆಯಲ್ಲಿರುವ ತಮ್ಮನಿಂದ ಒಂದು ವಾರದ ಮಟ್ಟಿಗೆ ತರಿಸಿಕೊಂಡ ರಾಡಾರ್ ಅದು. ನಳಿಗೆಯ ಮಗ್ಗುಲಲ್ಲಿಟ್ಟರೆ ಹಾರಿಹೋಗುವ ಗುಂಡಿನ ಬೆನ್ನಿಗೆ ರೇಡಿಯೊ ಅಲೆ ಕಳಿಸಿ, ಅದು ತಿರುಗಿ ಬಂದದ್ದನ್ನು ಲೆಕ್ಕ ಹಾಕಿ, ಗುಂಡಿನ ವೇಗವನ್ನು ಮೊಬೈಲಿನಲ್ಲಿ ತೋರಿಸುತ್ತದೆ.

"ಫ್ಯಾನ್ ಬಂದ್ ಮಾಡ್ರಿ ಸರ್," ಎಂದರು ಮೇಡಮ್. "ಇದಕ್ಕ ಏನ ತಿರಗಿದ್ರೂ ಗುಂಡಿನ ಹಂಗ ಕಾಣತೈತಿ."

"ಈ ಬಿಸಲಾಗ ಫ್ಯಾನ್ ಬಂದ್ ಮಾಡಿಸಿ ಏನ ಹೇಳತೈತ್ರಿ ಇದು?" ಪ್ರಭುಲಿಂಗ ಸರ್ ಗೊಣಗಿಕೊಂಡೇ ಬಟನ್ ಒತ್ತಿದರು. "ಗುಂಡ ಹೊಡಿಯೂದು ಮನಷ್ಯಾರು, ಪೆಟ್ಟಿಗಿ ಅಲ್ಲ."

ಆಯ್ಕೆಗೆ ಮುಂಚೆ ವೇಗ ನೋಡಲೆಂದು ಮೊದಲು ರೇಷ್ಮಾ ಹೊಡೆದಳು. ನೂರಾ ಅರವತ್ತೊಂಬತ್ತು, ನೂರಾ ಎಪ್ಪತ್ತು, ಮತ್ತೆ ನೂರಾ ಅರವತ್ತೊಂಬತ್ತು. ಸೆಕೆಂಡಿಗೆ ಅಷ್ಟು ಮೀಟರು. ಮೇಡಮ್ ಚೆನ್ನಾಗಿದೆ ಎಂದು ಗೋಣು ಹಾಕಿದರು.

ಆಮೇಲೆ ವಂದನಾ ನಿಂತಳು. ನಳಿಗೆ ಮಡಚಿ ಸ್ಪ್ರಿಂಗ್ ಎಳೆದು, ಸೀಸದ ಗುಂಡು ತುರುಕಿ, ಉಸಿರು ಹಿಡಿದು ಹೊಡೆದಳು. ಇನ್ನೂರಾ ಹದಿನಾಲ್ಕು. ಎರಡನೆಯದು ನೂರಾ ಎಂಬತ್ತೊಂದು. ಮೂರನೆಯದು ಇನ್ನೂರಾ ಇಪ್ಪತ್ತೇಳು. ಅತ್ತ ಕಾಗದದ ಮೇಲೆ ತೂತುಗಳು ಮೂರು ದಿಕ್ಕಿಗೆ ಮುಖ ಮಾಡಿ ಕೂತಿದ್ದವು.

"ನೋಡ್ರಿ, ಸುರು ಆತು," ಎಂದರು ಪ್ರಭುಲಿಂಗ ಸರ್. "ಇವತ್ತ ಆಯ್ಕೆ ಐತಿ ಅನ್ನೂದು ತಲಿಗೆ ಹೋತು, ಕೈ ನಡಗಾಕ ಹತ್ತಿತು."

ಮೇಡಮ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಕೈ ನಡಗಿದ್ರ ಗುಂಡ ಅತ್ತಿತ್ತ ಹೋಗತೈತ್ರಿ ಸರ್. ಜೋರ್ ಹ್ಯಾಂಗ ಓಡತೈತಿ? ಅಂಜಿದವ್ರ ಗುಂಡು ಧೈರ್ಯಸ್ಥರ ಗುಂಡಿಗಿಂತ ಜೋರ್ ಓಡತೈತೇನ್ರಿ?"

ವಂದನಾ ರೈಫಲ್ ಕೆಳಗಿಳಿಸಿದಳು. ಇಷ್ಟು ಸರಳ ಮಾತು ಎರಡು ವರ್ಷ ಯಾರ ಬಾಯಿಂದಲೂ ಬರಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ತನ್ನ ಬಾಯಿಂದಲೂ ಬಂದಿರಲಿಲ್ಲ.

ಮೇಡಮ್ ರೈಫಲ್ಲಿನ ನಳಿಗೆ ಮಡಚಿಸಿ ಮೂಗು ಹತ್ತಿರ ಒಯ್ದರು. "ಸುಟ್ಟ ಎಣ್ಣಿ ವಾಸನಿ ಬರಾಕತ್ತೈತಲ್ಲ. ನಿನಗ ಗೊತ್ತಾಗಿಲ್ಲೇನ ವಂದನಾ?"

ಗೊತ್ತಾಗುವುದು ಹೇಗೆ? ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಎಣ್ಣೆಯ ವಾಸನೆ ವಾಸನೆಯೇ ಅಲ್ಲ. ಹಾಸಿಗೆಯಲ್ಲಿ, ಹೋಳಿಗೆಯಲ್ಲಿ, ಮದುವೆಯ ಸೀರೆಯಲ್ಲೂ ಅದು ಇದ್ದೇ ಇರುತ್ತದೆ. ಅವಳು ಇಲ್ಲವೆಂದು ತಲೆ ಅಲ್ಲಾಡಿಸುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಮಲಕಾಜಪ್ಪ ಮುಂದೆ ಬಂದ. ತನಗೂ ಹೇಳುವುದೊಂದಿದೆ ಎಂಬ ಹಿಗ್ಗು ಅವನ ಮುಖದಲ್ಲಿತ್ತು.

"ಎಣ್ಣಿ ನಾ ಹಾಕೇನ್ರಿ ಬಾಯಾರ," ಎಂದ ಮೇಡಮ್ ಕಡೆ ತಿರುಗಿ. "ಪಂದ್ಯದ ದಿನ ಮುಂಜಾನಿ ಇಕಿ ಜಳಕಕ್ಕ ಹೋದಾಗ ಪೂಜಿ ಮಾಡ್ತೇನಿ. ಒಳಗ ಸ್ಪ್ರಿಂಗ್ ಐತಿ, ಒಣಗಿದ್ರ ಹಿಡಕೋತೈತಿ. ನಳಿಗಿ ಹಿಂದ ಸಣ್ಣ ತೂತ ಐತಲ್ರಿ, ಅದರಾಗ ಮಗ್ಗದ ಎಣ್ಣಿ ಬಿಡ್ತೇನಿ. ಮೊದಲ ಒಂದ ಹನಿ ಬಿಡ್ತಿದ್ದೆ. ಇಕಿ ಸೋತ ಬರೂದು ನೋಡಿ ಎರಡ ಮಾಡಿದೆ. ಇವತ್ತ ದೊಡ್ಡ ದಿನ ಅಂತ ಇನ್ನೊಂದೀಟ ಹೆಚ್ಚಿಗಿನ ಬಿಟ್ಟೇನಿ."

ಹಿಡಿಕೆಯ ಮೇಲಿನ ಕುಂಕುಮವನ್ನು ವಂದನಾ ಪ್ರತಿಸಲ ಒರೆಸಿಕೊಂಡೇ ಹೊರಡುತ್ತಿದ್ದಳು. ಪೂಜೆ ಗೊತ್ತಿತ್ತು, ಎಣ್ಣೆ ಗೊತ್ತಿರಲಿಲ್ಲ.

ಮೇಡಮ್ ಮೆತ್ತಗೆ ಕೇಳಿದರು, "ಕಾಕಾ, ಯಾವಾಗರ ಡೀಸಲ್ ಇಂಜಿನ್ ಬಿಚ್ಚೀರೇನು?"

"ಹೊಲದ ಪಂಪಿಂದು ಬಿಚ್ಚೇನ್ರಿ. ಯಾಕ?"

"ಅದಕ್ಕ ಬೆಂಕಿ ಯಾರ ಹಚ್ತಾರ?"

"ಯಾರೂ ಹಚ್ಚೂದಿಲ್ರಿ. ಗಾಳಿ ಒತ್ತಿದ್ರ ಕಾಯತೈತಿ, ಎಣ್ಣಿ ತಾನ..." ಎಂದವನು ಅಲ್ಲಿಗೇ ನಿಂತ. ಮುಂದಿನದನ್ನು ಯಾರೂ ಹೇಳಬೇಕಾಗಲಿಲ್ಲ. ಯಂತ್ರ ಬಲ್ಲವನಾಗಿದ್ದೇ ಅವನಿಗೆ ಕುತ್ತಾಯಿತು, ತಿಳಿಯದವನಾಗಿದ್ದರೆ ಇನ್ನೊಂದು ತಾಸು ಹಾಯಾಗಿರುತ್ತಿದ್ದ. ಸ್ಪ್ರಿಂಗ್ ಗಾಳಿ ಒತ್ತಿದಾಗಲೆಲ್ಲ ತಾನು ಬಿಟ್ಟ ಎಣ್ಣೆ ಹೊತ್ತಿ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಉರಿದು, ಗುಂಡನ್ನು ಮನಬಂದಂತೆ ನೂಕಿದ್ದು ಅವನ ಕಣ್ಣಿಗೆ ಕಟ್ಟಿತು. ಪಂದ್ಯ ಮುಗಿದ ಮೇಲೆ ಅಭ್ಯಾಸದಲ್ಲಿ ಹೊಡೆದೂ ಹೊಡೆದೂ ಎಣ್ಣೆ ತೀರಿ ರೈಫಲ್ ನೆಟ್ಟಗಾಗುವುದು, ಮುಂದಿನ ಪಂದ್ಯದ ಮುಂಜಾನೆ ತಾನು ಮತ್ತೆ ಅದಕ್ಕೆ ಉಣ್ಣಿಸುವುದು. ಗೋಡೆ ಹಿಡಿದು ಹಾಗೇ ಕೆಳಗೆ ಕೂತ.

ವಂದನಾಳಿಗೆ ಸಿಟ್ಟು ಬಂತು. ಕಣ್ಣು ಮಂಜಾಗುವಷ್ಟು ಬಂತು. ಸಿಟ್ಟು ಅಪ್ಪನ ಮೇಲೋ, ಎಲ್ಲರೂ ಹೇಳಿದ್ದನ್ನು ನಂಬಿದ ತನ್ನ ಮೇಲೋ ಎಂದು ವಿಂಗಡಿಸುತ್ತ ಕೂರುವ ಹೊತ್ತು ಅದಾಗಿರಲಿಲ್ಲ. ತಣ್ಣೀರ ಜಳಕ ನೆನಪಾಯಿತು. ಧಾರವಾಡದಿಂದ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತದ್ದು ನೆನಪಾಯಿತು. ಅಪ್ಪನ ಕಡೆ ನೋಡದೆ ರೈಫಲ್ ಎತ್ತಿಕೊಂಡು ಮೂಲೆಗೆ ಹೋಗಿ, ಅರಿವೆ ಚೂರುಗಳನ್ನು ಕಡ್ಡಿಗೆ ಸುತ್ತಿ ನಳಿಗೆ ಒರೆಸತೊಡಗಿದಳು. ಆಮೇಲೆ ಕಾಗದ ನೋಡದೆ, ಗುರಿ ಹಿಡಿಯದೆ, ಒಂದರ ಹಿಂದೊಂದು ಗುಂಡು ಹಾರಿಸಿದಳು. ಮೇಡಮ್ ವೇಗ ಓದುತ್ತ ಹೋದರು. ಇನ್ನೂರ ಮೇಲಿದ್ದದ್ದು ಇಳಿಯಿತು, ಏರಿತು, ಮತ್ತೆ ಇಳಿಯಿತು, ಬಹಳ ಹೊತ್ತಿನ ಮೇಲೆ ನೂರಾ ಎಪ್ಪತ್ತೊಂದಕ್ಕೆ ಬಂದು ನೆಲೆ ನಿಂತಿತು.

ಪ್ರಭುಲಿಂಗ ಸರ್ ಕೆಮ್ಮಿದರು. "ರೈಫಲ್ ತಪ್ಪ ಇತ್ತು, ಒಪ್ಪಿದೆ. ನಾ ಅಂದದ್ದ ತಪ್ಪಾತು." ಅವರ ಬಾಯಿಂದ ಇಂಥ ಮಾತು ಬಂದದ್ದನ್ನು ಆ ಗೋದಾಮು ಹಿಂದೆಂದೂ ಕೇಳಿರಲಿಲ್ಲ. "ಆದ್ರ ಆಯ್ಕೆ ಮುಂದ ಹಾಕಾಕ ಬರೂದಿಲ್ಲ. ಸಂಜಿಕ ಹೆಸರ ಕಳಸಬೇಕು. ರೇಷ್ಮಾಂದೂ ನಿಂದೂ ಇವತ್ತಿನ ಅಂಕಾನ ಹಿಡಿಯೂದು."

"ಹೂನ್ರಿ ಸರ್. ಅದ ಖರೆ," ಎಂದಳು ವಂದನಾ.

ರೇಷ್ಮಾ ತನ್ನ ಗುಂಡುಗಳನ್ನು ಹೊಡೆದು ಮುಗಿಸಿದ ಮೇಲೆ ವಂದನಾ ಗೆರೆಗೆ ಬಂದು ನಿಂತಳು. ರಾಡಾರ್ ಮಗ್ಗುಲಲ್ಲೇ ಇತ್ತು. ರೈಫಲ್ ಭುಜಕ್ಕೆ ಆನಿಸಿದ ಕ್ಷಣ ಎದೆ ಹೊಡೆದುಕೊಳ್ಳತೊಡಗಿತು. ಬಾಯಿ ಒಣಗಿತು, ಅಂಗೈ ಬೆವರಿತು. ಇದೇನು ಎಂದು ಅವಳಿಗೆ ಮೊದಲು ತಿಳಿಯಲೇ ಇಲ್ಲ. ಇಷ್ಟು ದಿನ ಎಲ್ಲರೂ ಅವಳದೆಂದು ಹೇಳಿದ ಆ ಅಂಜಿಕೆ ಈಗ ಬಂದಿತ್ತು. ಈಗ ತಪ್ಪು ಹೊರುವುದಕ್ಕೆ ರೈಫಲ್ ಇರಲಿಲ್ಲ, ಮಂದಿ ಇರಲಿಲ್ಲ, ಅಪ್ಪನೂ ಇರಲಿಲ್ಲ. ಗುಂಡು ಎಲ್ಲಿ ಹೋದರೂ ಅವಳದೇ.

ಮೊದಲ ಗುಂಡು ಎಂಟಕ್ಕೆ ಬಿತ್ತು, ಬಲಕ್ಕೆ. ಯಾರೂ ಕೇಳದಿದ್ದರೂ ಮೇಡಮ್ ಹೇಳಿದರು, "ನೂರಾ ಎಪ್ಪತ್ತೊಂದು." ಎರಡನೆಯದೂ ಎಂಟೇ. ಮೂರನೆಯದಕ್ಕೆ ಅವಳು ರೈಫಲ್ ಇಳಿಸಿ, ಬೆವರು ಒರೆಸಿಕೊಂಡು ಮತ್ತೆ ಎತ್ತಿದಳು. ಅಲ್ಲಿಂದ ಮುಂದೆ ಒಂಬತ್ತು ಬಂತು, ಹತ್ತು ಬಂತು, ಹತ್ತರ ಮೇಲೆ ಹತ್ತು ಬಂತು. ಎದೆಯ ಬಡಿತ ಕೊನೆಯ ಗುಂಡಿನವರೆಗೂ ನಿಲ್ಲಲಿಲ್ಲ, ಅದರ ಜೊತೆಗೇ ಹೊಡೆದಳು.

ಕೂಡಿಸಿ ನೋಡಿದಾಗ ರೇಷ್ಮಾ ಎರಡು ಅಂಕ ಮುಂದಿದ್ದಳು. ಪ್ರಭುಲಿಂಗ ಸರ್ ಅವಳ ಹೆಸರನ್ನೇ ಕಳಿಸಿದರು. ರೇಷ್ಮಾ ಬಂದು ವಂದನಾಳ ಕೈ ಹಿಡಿದು ಕುಲುಕಿ ಹೋದಳು.

ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಮಲಕಾಜಪ್ಪ ರೈಫಲ್ಲಿನ ಚೀಲ ತಾನು ಹೊರುತ್ತೇನೆಂದು ಕೈ ಚಾಚಿ, ಮುಟ್ಟುವ ಧೈರ್ಯವಾಗದೆ ಹಿಂದಕ್ಕೆ ಎಳೆದುಕೊಂಡ.

"ಎಲ್ಲಾ ನನ್ನ ಸಲುವಾಗಿ ಹೋತು ಯವ್ವಾ," ಎಂದ. "ಇವತ್ತಿಂದೂ ನನ್ನ ಸಲುವಾಗಿನ ಹೋತು. ಮುಂಜಾನಿ ನಾ ಹಂಗ ಮಾಡಿರದಿದ್ರ ನಿನ್ನ ಮನಸ ಕೆಡ್ತಿದ್ದಿಲ್ಲ."

ವಂದನಾ ನಿಂತಳು. ಗೋದಾಮು ಬಿಟ್ಟ ಮೇಲೆ ಮೊದಲ ಸಲ ಅವನ ಮುಖ ನೋಡಿದಳು.

"ಹಿಂದಿನವು ನಿನ್ನವ ಅಪ್ಪಾ. ಅವು ನಿನ್ನ ಕಡೇನ ಇರಲಿ, ನನಗಿನ್ನೂ ಸಿಟ್ಟೈತಿ," ಎಂದಳು. "ಇವತ್ತ ಹಂಗಲ್ಲ. ಇವತ್ತ ನಾ ಖರೇನ ಅಂಜಿದ್ದೆ. ಅಂಜಿ ಎರಡ ಗುಂಡ ಕೆಡಿಸಿದೆ, ಅಂಜಿಕೋತನ ಉಳದಾವ ಹೊಡದೆ. ಇದು ನಂದು. ಇದನ್ನೂ ನೀ ತಗೋಬ್ಯಾಡ."

ಆ ದನಿಯಲ್ಲಿ ಅವನನ್ನು ಸಮಾಧಾನ ಮಾಡುವ ಧಾಟಿ ಇರಲಿಲ್ಲ. ತನ್ನ ವಸ್ತುವನ್ನು ಯಾರೋ ತಿಳಿಯದೆ ಎತ್ತಿಕೊಂಡು ಹೊರಟಾಗ, ನಿಲ್ಲಿಸಿ, ಕೈಯಿಂದ ಇಸಿದುಕೊಳ್ಳುವವರ ದನಿ ಅದು.